ಮಾರಿದವನ ಊರು

ಹನೂರು ದಾಟಿ, ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆಗೆ ಇಳಿದು, ಗೋಪಿನಾಥಂ ದಾರಿ ಹಿಡಿದು ಹೊಗೇನಕಲ್ಲಿನ ದಿಕ್ಕಿಗೆ ಹೋದರೆ ಕಾವೇರಿ ದಂಡೆಯ ಕಾಡಿನಲ್ಲಿ ಆಲಂಬಾಡಿ ಎಂಬ ಸಣ್ಣ ಊರಿದೆ. ಭೂಪಟದಲ್ಲಿ ಹುಡುಕಿ ತೆಗೆಯಬೇಕಾದ ಈ ಊರಿನ ಹೆಸರು ದಕ್ಷಿಣ ಭಾರತದ ಪಶುವೈದ್ಯರಿಗೆಲ್ಲ ಗೊತ್ತು. ದುಡಿಮೆಗೆ ಹೆಸರಾದ ಎತ್ತಿನ ತಳಿಯೊಂದಕ್ಕೆ ಇದೇ ಊರಿನ ಹೆಸರು. 1936ರಲ್ಲಿ ಆರ್. ಡಬ್ಲ್ಯು. ಲಿಟಲ್‌ವುಡ್ ದಕ್ಷಿಣ ಭಾರತದ ಜಾನುವಾರುಗಳ ಬಗ್ಗೆ ಪುಸ್ತಕ ಬರೆದಾಗ ಹಳ್ಳಿಕಾರ್, ಕಂಗಾಯಂ, ಬರಗೂರು ತಳಿಗಳ ಜೊತೆಗೆ ಆಲಂಬಾಡಿಗೂ ಜಾಗ ಕೊಟ್ಟ. ಕಾಡಂಚಿನ ದೊಡ್ಡಿಗಳಲ್ಲಿ ಮೇದು ಬೆಳೆದ ಹೋರಿಗರುಗಳನ್ನು ಬಯಲುಸೀಮೆಯ ರೈತರು ಕೊಂಡು, ಪಳಗಿಸಿ, ಕೆಲವು ವರ್ಷ ಉತ್ತು, ಮತ್ತೊಬ್ಬರಿಗೆ ಮಾರುತ್ತಿದ್ದರು. ಒಂದೇ ಎತ್ತು ತನ್ನ ಆಯುಷ್ಯದಲ್ಲಿ ಮೂರು ನಾಲ್ಕು ಮನೆಯ ನೊಗ ಹೊರುವುದು ಸಾಮಾನ್ಯವಾಗಿತ್ತು. ಹಾಗಾಗಿ ಒಬ್ಬರು ಬಳಸಿ ಬಿಟ್ಟ ದುಡಿಮೆಯ ಸಾಧನವನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆ ಈ ಸೀಮೆಗೆ ಕಾರಿನೊಂದಿಗೆ ಬಂದದ್ದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಬೀದಿಗಳಲ್ಲಿ ಈಗ ನಡೆಯುವ ಸೆಕೆಂಡ್ ಹ್ಯಾಂಡ್ ಗಾಡಿಯ ವ್ಯಾಪಾರಕ್ಕೆ ಎತ್ತಿನ ಸಂತೆಯೇ ಹಿರಿಯಣ್ಣ. ಹಳೇ ಕಾರನ್ನು ಬಿಟ್ಟು ಅದಕ್ಕಿಂತ ಮೇಲಾದ ಇನ್ನೊಂದು ಹಳೇ ಕಾರು ಕೊಳ್ಳಹೊರಟವರು ಇಂದು ಮೊದಲು ಕೇಳುವುದು ಯಾವ ಕಂಪನಿ, ಯಾವ ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ ಎಂದು. ಈ ಮೂರಕ್ಕಿಂತ ಮುಂಚೆ ಕೇಳಬೇಕಾದದ್ದು ಮಾರುವವನು ಯಾರು, ಮುಂದಿನ ತಿಂಗಳು ಅವನು ಎಲ್ಲಿ ಸಿಗುತ್ತಾನೆ ಎಂಬುದನ್ನು. ಈ ಸೀಮೆಯ ಚರಿತ್ರೆಯಿಂದ ನನಗೆ ಕಾಣುವುದು ಇದು.

ಎತ್ತು ಕೊಳ್ಳುವವನ ಕೈ ಮೊದಲು ಹೋಗುತ್ತಿದ್ದುದು ಬಾಯಿಗೆ. ದನಕ್ಕೆ ಮುಂಬಾಯಿಯ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಸುಮಾರು ಎರಡು ವರ್ಷ ದಾಟಿದ ಮೇಲೆ ಹಾಲುಹಲ್ಲಿನ ನಡುವಿನ ಜೋಡಿ ಬಿದ್ದು ಅಗಲವಾದ ಹಲ್ಲು ಬರುತ್ತದೆ, ಮುಂದೆ ಒಂದೊಂದು ಜೋಡಿಯಾಗಿ ಬದಲಾಗುತ್ತಾ ಐದರ ಸುಮಾರಿಗೆ ಬಾಯಿ ಕೂಡುತ್ತದೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯ್ಗೂಡಿದ್ದು ಎಂಬ ಲೆಕ್ಕದಲ್ಲೇ ಬೆಲೆಯ ಮಾತು ಶುರುವಾಗುತ್ತಿತ್ತು. ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಬಾಯಿ ಕೂಡಿದ ಮೇಲೆ ಹಲ್ಲು ವಯಸ್ಸನ್ನು ಕರಾರುವಾಕ್ಕಾಗಿ ಹೇಳುವುದಿಲ್ಲ, ಸವೆತ ನೋಡಿ ಅಂದಾಜು ಮಾಡಬೇಕು. ಆ ಅಂದಾಜನ್ನೇ ಕೆಡಿಸುವ ಕಲೆ ಮಾರುವವರಿಗೂ ಗೊತ್ತಿತ್ತು. ಕೊಂಬು ಹೆರೆದು ಎಣ್ಣೆ ಹಚ್ಚಿ ಬಣ್ಣ ಬಳಿದರೆ ಪ್ರಾಯ ಬಂದಂತೆ ಕಾಣುತ್ತದೆ. ಸಂತೆಗೆ ತರುವ ಮುಂಚೆ ಚೆನ್ನಾಗಿ ಮೇಯಿಸಿ ನೀರು ಕುಡಿಸಿದರೆ ಹೊಟ್ಟೆ ತುಂಬಿ ಮೈ ನಿಗುರುತ್ತದೆ. ಹಳೆಯ ಅಂಬಾಸಿಡರ್, ಫಿಯೆಟ್ ಕಾರುಗಳ ಮೀಟರಿನಲ್ಲಿ ಐದೇ ಅಂಕಿ ಇದ್ದವು. 99,999 ದಾಟಿದರೆ ಮತ್ತೆ ಸೊನ್ನೆ. ಅಂದರೆ ಕಾರಿನ ಬಾಯಿಯೂ ಒಂದು ಹಂತದಲ್ಲಿ ಕೂಡಿಬಿಡುತ್ತಿತ್ತು. ಈಗಿನ ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪ್ ಹಿಡಿದು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸಂಖ್ಯೆಯೊಂದನ್ನು ನಂಬಿ ಬೆಲೆ ಕಟ್ಟುವ ವ್ಯಾಪಾರ ಎಲ್ಲೆಲ್ಲಿ ಹುಟ್ಟುತ್ತದೋ ಅಲ್ಲೆಲ್ಲ ಆ ಸಂಖ್ಯೆಯನ್ನು ತಿದ್ದುವ ಕಸುಬೂ ಹುಟ್ಟಿದೆ. ಹಲ್ಲು ನೋಡುವುದರಲ್ಲಿ ಪಳಗಿದ ರೈತ ಹಲ್ಲಿನ ಮೇಲೆ ಮಾತ್ರ ಭಾರ ಹಾಕದೆ ನಡೆಸಿ ನೋಡುತ್ತಿದ್ದ, ನೊಗಕ್ಕೆ ಹೂಡಿ ನೋಡುತ್ತಿದ್ದ, ಕೊನೆಗೆ ತಂದವನ ಊರು ಕೇಳುತ್ತಿದ್ದ.

ಊರು ಕೇಳುವುದು ಉಪಚಾರದ ಮಾತಾಗಿರಲಿಲ್ಲ. ಈ ಸೀಮೆಯವರಿಗೆ ಎರಡು ಬಗೆಯ ಪೇಟೆಗಳಿದ್ದವು. ಗುಂಡ್ಲುಪೇಟೆ ಬಳಿಯ ತೆರಕಣಾಂಬಿಯಂಥ ವಾರದ ಸಂತೆ ಒಂದು ಬಗೆ. ಹೊಳೆಯಾಚೆಯ ತಲಕಾಡಿನ ಪಕ್ಕದ ಮುಡುಕುತೊರೆ ಜಾತ್ರೆ, ಗಡಿಯಾಚೆಯ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಯಂಥ ವರ್ಷಕ್ಕೊಮ್ಮೆ ಸೇರುವ ದೊಡ್ಡ ದನದ ಪೇಟೆ ಇನ್ನೊಂದು ಬಗೆ. ಜಾತ್ರೆಯಲ್ಲಿ ಆಯ್ಕೆ ಹೆಚ್ಚು, ತಳಿ ಹೆಚ್ಚು, ನೋಡುವ ಸಂಭ್ರಮವೂ ಹೆಚ್ಚು. ಆದರೆ ಅಲ್ಲಿ ಎತ್ತು ಮಾರಿದವನು ಮರುದಿನ ಎಲ್ಲಿಗೆ ಹೋದ ಎಂಬುದು ಕೊಂಡವನಿಗೆ ತಿಳಿಯದು. ಸಂತೆಯಲ್ಲಿ ಮಾರಿದವನು ಮುಂದಿನ ವಾರ ಅದೇ ಹುಣಸೆಮರದಡಿ ನಿಂತಿರಬೇಕಾದವನು. ಕುಂಟುವ ಎತ್ತನ್ನು ದಾಟಿಸಿದರೆ ಏಳನೇ ದಿನ ನಾಲ್ಕು ಜನರ ಎದುರು ಅವನಿಗೆ ಮುಖಭಂಗ. ಹೀಗಾಗಿ ವಾರದ ಸಂತೆ ತನ್ನಷ್ಟಕ್ಕೆ ತಾನೇ ಒಂದು ಗ್ಯಾರಂಟಿಯಾಗಿತ್ತು. ಜಾತ್ರೆಯಲ್ಲಿ ಅಂಥ ಗ್ಯಾರಂಟಿ ಇಲ್ಲದ್ದರಿಂದಲೇ ಅಲ್ಲಿ ದಲ್ಲಾಳಿ ಬೇಕಾಗುತ್ತಿದ್ದ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೂಡಿಸುವ ಈ ದಲ್ಲಾಳಿಯನ್ನು ಮೋಸಗಾರ ಎಂದು ಬೈಯುವುದು ರೂಢಿ, ಬೈಸಿಕೊಳ್ಳಲು ತಕ್ಕವರೂ ಇದ್ದರು. ಆದರೂ ದಲ್ಲಾಳಿಯ ಬಂಡವಾಳ ಅವನ ನೆನಪು. ಯಾವ ಎತ್ತು ಯಾವ ಊರಿನದು, ಯಾರ ಮನೆಯಲ್ಲಿ ದುಡಿದದ್ದು, ಯಾಕೆ ಮಾರಾಟಕ್ಕೆ ಬಂತು ಎಂಬುದನ್ನು ಅವನು ಬಲ್ಲ. ಸಾಮಾನಿನ ಚರಿತ್ರೆಯನ್ನು ಬಾಯಲ್ಲಿ ಹೊತ್ತು ತಿರುಗುವ ಮನುಷ್ಯ ಅವನು, ಮತ್ತು ಮುಂದಿನ ವರ್ಷವೂ ಅದೇ ಜಾತ್ರೆಯಲ್ಲಿ ಇರಲೇಬೇಕಾದವನು.

ಕೊಂಡ ಪ್ರಾಣಿಯ ದೋಷ ತಿಳಿಯಲು ಕಾಲ ಬೇಕು ಎಂಬ ವಿವೇಕ ಬಹಳ ಹಿಂದಿನದು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕ್ರಯವಿಕ್ರಯವನ್ನು ರದ್ದು ಮಾಡುವ ಬಗ್ಗೆಯೇ ಒಂದು ಅಧ್ಯಾಯವಿದೆ. ನಾಲ್ಕು ಕಾಲಿನ ಪ್ರಾಣಿಯನ್ನು ಕೊಂಡವನು ಮೂರು ಪಕ್ಷದೊಳಗೆ, ಅಂದರೆ ಸುಮಾರು ಒಂದೂವರೆ ತಿಂಗಳೊಳಗೆ, ಅದನ್ನು ಹಿಂದಿರುಗಿಸಬಹುದು, ಅಷ್ಟು ಕಾಲದಲ್ಲಿ ಅದರ ಗುಣದೋಷ ತಿಳಿಯುತ್ತದೆ ಎನ್ನುವುದು ಅದರ ತಾತ್ಪರ್ಯ. ರೋಗದ ಪ್ರಾಣಿಯನ್ನು ಆರೋಗ್ಯವಾಗಿದೆ ಎಂದು ಹೇಳಿ ಮಾರಿದವನಿಗೆ ಹನ್ನೆರಡು ಪಣ ದಂಡ. ಕಂಪನಿ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂದ ಮೇಲೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕಿಗೆ ಅನ್ವಯವಾದ 1872ರ ಕರಾರು ಕಾಯಿದೆ ಬೇರೆ ದಾರಿ ಹಿಡಿಯಿತು. ಅದರ 17ನೇ ಸೆಕ್ಷನ್ ಮೋಸ ಎಂದರೇನು ಎಂದು ಹೇಳುವಾಗ ಕುದುರೆಯ ಉದಾಹರಣೆ ಕೊಡುತ್ತದೆ. ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಮಾರುವವನು ಹರಾಜಿನಲ್ಲಿ ಸುಮ್ಮನಿದ್ದರೆ ಅದು ಮೋಸವಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವ ಹೊಣೆ ಅವನ ಮೇಲಿದೆ. ಆದರೆ ಕೊಳ್ಳುವವನು, ನೀನು ಇಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದು ಬಾಯಿಬಿಟ್ಟು ಹೇಳಿದಾಗ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಅರ್ಥಶಾಸ್ತ್ರ ಕೊಳ್ಳುವವನಿಗೆ ಕಾಲ ಕೊಟ್ಟರೆ ಈ ಕಾಯಿದೆ ಪ್ರಶ್ನೆ ಕೇಳುವ ಹೊಣೆ ಕೊಟ್ಟಿತು. ಮುಂದೆ 1930ರ ಸರಕು ಮಾರಾಟ ಕಾಯಿದೆಯೂ ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ತತ್ವವನ್ನೇ ಮೂಲದಲ್ಲಿ ಇಟ್ಟುಕೊಂಡಿತು. ಮೋಟಾರು ಗಾಡಿ ಈ ಸೀಮೆಗೆ ಬಂದದ್ದು ಆ ಎರಡನೇ ಬಗೆಯ ನ್ಯಾಯದ ಕಾಲದಲ್ಲಿ. ಆದರೆ ಸಂತೆಗೆ ಹೋಗುವ ಜನರ ಮನಸ್ಸಿನಲ್ಲಿ ಉಳಿದಿದ್ದುದು ಮೊದಲನೆಯದು. ಇಂದಿಗೂ ಹಳೇ ಕಾರಿನ ಗಲಾಟೆಗಳಲ್ಲಿ, ತಂದು ವಾರ ಆಗಿಲ್ಲ, ವಾಪಸ್ ತಗೊಳ್ಳೋದು ನ್ಯಾಯ ಅಲ್ವಾ ಎಂಬ ಮಾತು ಬರುವುದು ಅದಕ್ಕೇ.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಯಳಂದೂರು ಮೊದಲಿನಿಂದಲೂ ಮೈಸೂರಿನದು. ಅಂದರೆ ಬಿಳಿಗಿರಿರಂಗನ ಬೆಟ್ಟದ ಬುಡದಲ್ಲೇ ಹತ್ತಾರು ಮೈಲಿ ಅಂತರದ ಎರಡು ಊರುಗಳು ನೂರೈವತ್ತು ವರ್ಷ ಎರಡು ಆಡಳಿತದಡಿ ಇದ್ದವು. ಒಂದು ಗಡಿ ಅಳಿಸಿದಾಗ ಇನ್ನೊಂದು ಗಟ್ಟಿಯಾಯಿತು. ಕನ್ನಡ ಮಾತಾಡುವ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಎತ್ತಿಗೆ ಈ ಗೆರೆ ಲೆಕ್ಕಕ್ಕಿರಲಿಲ್ಲ. ಅಂತಿಯೂರಿನ ಜೋಡಿ ಗರಿಕೆಕಂಡಿ ಹತ್ತಿ ಹನೂರಿಗೆ ಬಂದರೆ ಅದು ಹನೂರಿನ ಎತ್ತೇ. ಮೋಟಾರು ಗಾಡಿ ಹಾಗಲ್ಲ, ಅದಕ್ಕೆ ಹುಟ್ಟಿದ ಕಚೇರಿ ಇದೆ, ತೆರಿಗೆ ಕಟ್ಟಿದ ರಾಜ್ಯ ಇದೆ, ಬೆನ್ನಿಗೆ ನಂಬರ್ ಇದೆ. ತಮಿಳುನಾಡಿನ ನಂಬರಿನ ಕಾರು ಇಲ್ಲಿಯದಾಗಬೇಕಾದರೆ ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಚಾಮರಾಜನಗರಕ್ಕೆ ಕೆಎ-10 ಎಂಬ ತನ್ನದೇ ಗುರುತು ಸಿಗುವವರೆಗೆ ಇಲ್ಲಿಯವರ ಗಾಡಿಗಳು ಮೈಸೂರಿನವೇ. ಮೈಸೂರು ಹೆಸರಿನ ನಂಬರಿದ್ದರೂ ಗಾಡಿ ಯಾರದೆಂದು ಊರಿಗೆ ಗೊತ್ತಿರುತ್ತಿತ್ತು, ಏಕೆಂದರೆ ಗಾಡಿಗಳೇ ಕಡಿಮೆ.

ಆ ಕಡಿಮೆಯ ಕಾಲ ಸಣ್ಣದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಜೀಪುಗಳನ್ನು ಜೋಡಿಸಲು ಶುರುಮಾಡಿದಾಗಿನಿಂದ 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿಯುವವರೆಗೆ ದೇಶದಲ್ಲಿ ಖಾಸಗಿಯವರಿಗೆ ಸಿಗುತ್ತಿದ್ದ ಕಾರುಗಳು ಬೆರಳೆಣಿಕೆಯ ಮಾದರಿ. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ ಕಾಯಬೇಕಿದ್ದುದರಿಂದ ಹಳೆಯದಕ್ಕೂ ಬೆಲೆ ಇಳಿಯುತ್ತಿರಲಿಲ್ಲ. ಅಂಬಾಸಿಡರ್, ಫಿಯೆಟ್, ಜೀಪುಗಳ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಮೆಕ್ಯಾನಿಕ್ ಕಣ್ಣಲ್ಲಿ ನೋಡಿ ಕಲಿಯಬಹುದಿತ್ತು. ಬೋರ್ ಸವೆದರೆ ರೀಬೋರ್, ಪಿಸ್ಟನ್ ರಿಂಗ್ ಹೋದರೆ ಹೊಸ ರಿಂಗ್, ಬಾಡಿ ತೂತಾದರೆ ಟಿಂಕರಿಂಗ್. ಆ ಕಾಲದಲ್ಲಿ ನೆಚ್ಚಬಹುದಾದ ಗಾಡಿ ಎಂದರೆ ಕೆಡದ ಗಾಡಿ ಎಂದು ಯಾರೂ ತಿಳಿದಿರಲಿಲ್ಲ. ಕೆಟ್ಟಲ್ಲಿ ರಿಪೇರಿಯಾಗುವುದೇ ನೆಚ್ಚಿಕೆಗೆ ಸಾಕಿತ್ತು. ಅದಕ್ಕಿಂತ ಮುಖ್ಯವಾಗಿ, ಗಾಡಿಯ ಕಾಯಿಲೆಗಳ ಇತಿಹಾಸ ಊರಿನ ಗ್ಯಾರೇಜಿನಲ್ಲಿತ್ತು. ಕೊಳ್ಳುವವನು ಮಾರುವವನನ್ನು ಕೇಳುವ ಮೊದಲು ಅವನ ಮೆಕ್ಯಾನಿಕ್‌ನನ್ನು ಕೇಳುತ್ತಿದ್ದ. ಡಾಕ್ಟ್ರು ಓಡ್ಸಿದ್ ಗಾಡಿ, ಮೇಷ್ಟ್ರು ಇಟ್ಕಂಡಿದ್ ಗಾಡಿ ಎಂದು ಬ್ರೋಕರುಗಳು ಇವತ್ತಿಗೂ ಹೊಗಳುವುದು ಆ ಕಾಲದ ಉಳಿಕೆ. ಹಾಗೆ ಹೇಳುವಾಗ ಅವರು ಇಂಜಿನ್ನಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ, ಓಡಿಸಿದವರ ನಡತೆಯನ್ನು ಗಾಡಿಗೆ ಜಾಮೀನಾಗಿ ಕೊಡುತ್ತಿದ್ದಾರೆ.

ಬದಲಾವಣೆ ಮಾರುತಿಯೊಂದಿಗೆ ಶುರುವಾಗಿ 2000ದ ನಂತರ ಪೂರ್ತಿಯಾಯಿತು. ಸಾಲ ಸುಲಭವಾಯಿತು, ಮಾದರಿಗಳು ಹೆಚ್ಚಿದವು, ಬೆಂಗಳೂರಿನ ಸಂಬಳದಾರರು ಕೆಲವೇ ವರ್ಷಕ್ಕೆ ಕಾರು ಬದಲಾಯಿಸತೊಡಗಿದರು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮೇಲೆ ಬಂದು ಕೊಳ್ಳೇಗಾಲ, ಚಾಮರಾಜನಗರ ಹಾಯ್ದು ದಿಂಬಂ ಘಟ್ಟದ 27 ತಿರುವು ಇಳಿದು ಕೊಯಮತ್ತೂರು ಸೇರುವ ಹೆದ್ದಾರಿ ಈ ಕಾರುಗಳಿಗೂ ದಾರಿಯಾಯಿತು. ಎರಡು ದೊಡ್ಡ ನಗರಗಳು ಬಿಟ್ಟ ಕಾರುಗಳು ನಡುವಿನ ಊರುಗಳಿಗೆ ಇಳಿದುಬರುವುದು ಸಹಜ. ಹಾಗೆ ಬಂದ ಕಾರು ನಿಜವಾದ ಅರ್ಥದಲ್ಲಿ ಪರದೇಶಿ. ಅದನ್ನು ಓಡಿಸಿದವರಾರೋ, ರಿಪೇರಿ ಮಾಡಿದವರಾರೋ, ಎಲ್ಲಿ ಗುದ್ದಿತ್ತೋ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. 2015ರ ಡಿಸೆಂಬರಿನ ಚೆನ್ನೈ ನೆರೆಯಲ್ಲಿ ಮುಳುಗಿದ ಕಾರುಗಳನ್ನು ವಿಮಾ ಕಂಪನಿಗಳು ಹರಾಜು ಹಾಕಿದಾಗ ಎಲ್ಲವೂ ಗುಜರಿಗೆ ಹೋಗಲಿಲ್ಲ. ಪೂರ್ವಾಪರ ತಿಳಿಯದ ಇಂಥ ಪೇಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, 2001ರಲ್ಲಿ ಅವರಿಗೆ ನೊಬೆಲ್ ತಂದ ಪ್ರಬಂಧ ಹಳೇ ಕಾರಿನ ಪೇಟೆಯನ್ನೇ ಹಿಡಿದು ಹೇಳಿತು. ಒಳ್ಳೆಯ ಕಾರು ಯಾವುದು ಕೆಟ್ಟದ್ದು ಯಾವುದು ಎಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲದಕ್ಕೂ ಒಂದು ನಡುವಿನ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ, ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅದೇ ಪ್ರಬಂಧದಲ್ಲಿ ಅವರು ಭಾರತದ ಸಂತೆಯ ಅಕ್ಕಿಯನ್ನೂ ತರುತ್ತಾರೆ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸಿರುವುದರಿಂದ ಮನೆಯಾಕೆ ಕೂತು ಆರಿಸಬೇಕಾಗುತ್ತದೆ ಎನ್ನುತ್ತಾರೆ. ಆ ಆರಿಸುವ ಶ್ರಮವೇ ಅಪ್ರಾಮಾಣಿಕತೆಗೆ ಸಮಾಜ ತೆರುವ ಬೆಲೆ. ಪರಿಹಾರವಾಗಿ ಅಕರ್ಲಾಫ್ ಹೇಳಿದ್ದು ಗ್ಯಾರಂಟಿ, ಹೆಸರಾಂತ ಕಂಪನಿಯ ಮುದ್ರೆ, ಪರವಾನಗಿ. ವಾರದ ಸಂತೆ ಇವು ಯಾವುವೂ ಇಲ್ಲದೆ ಅದೇ ಕೆಲಸವನ್ನು ಮಾಡುತ್ತಿತ್ತು ಎಂಬುದು ನನ್ನ ವಾದಕ್ಕೆ ಮುಖ್ಯ.

ಇದಕ್ಕೆ ಮೊದಲ ಆಕ್ಷೇಪ ಯಂತ್ರ ಬಲ್ಲವರಿಂದ ಬರುತ್ತದೆ. ಎತ್ತು ಜೀವ, ಪ್ರತಿಯೊಂದೂ ಬೇರೆ. ಕಾರು ಕಾರ್ಖಾನೆಯ ಅಚ್ಚು. ಸರಿಯಾದ ಪರೀಕ್ಷೆ ಮಾಡಿದರೆ ಮಾರುವವನ ಗುಣ ಕಟ್ಟಿಕೊಂಡು ಏನಾಗಬೇಕು? ಈ ಮಾತಿನಲ್ಲಿ ತಿರುಳಿದೆ, ಪರೀಕ್ಷೆಯನ್ನು ಬಿಟ್ಟುಕೊಡಲು ನಾನೂ ಒಪ್ಪುವುದಿಲ್ಲ. ಪರೀಕ್ಷೆಗೆ ಈ ಸೀಮೆಗಿಂತ ಒಳ್ಳೆಯ ಜಾಗವೂ ಸಿಗದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿ.ಮೀ. ಬಯಲಿನಲ್ಲಿ ಶುರುವಾದ ದಾರಿ ಸಮುದ್ರಮಟ್ಟದಿಂದ 5,000 ಅಡಿಯಷ್ಟು ಎತ್ತರದ ಗುಡಿಗೆ ಒಯ್ಯುತ್ತದೆ. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ನನ್ನು ಕೊಳ್ಳುವವನ ಎದುರೇ ಸ್ಟಾರ್ಟ್ ಮಾಡಿಸಬೇಕು. ಬಿಸಿ ಇಂಜಿನ್ ಎಷ್ಟೋ ರೋಗ ಮುಚ್ಚುತ್ತದೆ. ಏರಿನಲ್ಲಿ ನಾಲ್ಕು ಜನರನ್ನು ಕೂರಿಸಿ ಹತ್ತಿಸಿದರೆ ಇಂಜಿನ್ ಕೂಗುತ್ತಾ ಗಾಡಿ ಮುಂದೆ ಹೋಗದಿದ್ದಾಗ ಕ್ಲಚ್ ಪ್ಲೇಟ್ ಮುಗಿದಿದೆ ಎಂದು ತಿಳಿಯುತ್ತದೆ, ಟೆಂಪರೇಚರ್ ಮುಳ್ಳು ಏರಿದರೆ ರೇಡಿಯೇಟರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಹೋಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬ್ರೇಕ್ ಒಂದು ಕಡೆ ಎಳೆಯುವುದು, ಬಿಸಿಯಾಗಿ ಹಿಡಿತ ಬಿಡುವುದು ಇಳಿಯುವಾಗಲೇ ಗೊತ್ತಾಗುವುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ನೆರೆಯಲ್ಲಿ ಮುಳುಗಿದ ಕಾರಿನ ಕೆಸರಿನ ಗೆರೆ ಸಿಗಬಹುದು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಅಡಿಭಾಗದ ತುಕ್ಕನ್ನು ಎತ್ತಿಸಿ ನೋಡಬೇಕು. ಒಣಹವೆಯ ಈ ಬಯಲಿನ ಗಾಡಿಗೆ ಆ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಪರೀಕ್ಷೆ ಹೇಳುವುದು ಆ ದಿನದ ಸ್ಥಿತಿಯನ್ನು. ಗಟ್ಟಿಯಾದ ಗೇರ್ ಆಯಿಲ್ ಹಾಕಿ ಸದ್ದು ಅಡಗಿಸಿದ ಗೇರ್‌ಬಾಕ್ಸ್ ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತು ಸುಮ್ಮನಿರುತ್ತದೆ. ಕಾರಿನ ಕಂಪ್ಯೂಟರಿಗೆ ತಂತಿ ಚುಚ್ಚಿ ದೋಷದ ಸಂಕೇತ ಓದುವ ಸ್ಕ್ಯಾನರ್ ಬಂದಿದೆ, ಆ ಸಂಕೇತಗಳನ್ನು ಹಿಂದಿನ ದಿನ ಅಳಿಸುವುದೂ ಅದೇ ಸ್ಕ್ಯಾನರಿನಿಂದ. ಹಳೆಯ ಇಂಜಿನ್ನಿಗಿಂತ ಇಂದಿನದರಲ್ಲಿ ಕಣ್ಣಿಗೆ ಕಾಣದ ಭಾಗ ಹೆಚ್ಚು. ಇಂಜೆಕ್ಟರ್, ಸೆನ್ಸರ್, ಡೀಸೆಲ್ ಗಾಡಿಯ ಟರ್ಬೊ ಇವು ಮುನ್ಸೂಚನೆ ಕೊಡದೆ ಕೈಕೊಡುತ್ತವೆ, ಕೊಟ್ಟರೆ ಬಿಲ್ಲು ದೊಡ್ಡದು. ಕಾರ್ಖಾನೆಯಿಂದ ಹೊರಬರುವಾಗ ಎಲ್ಲ ಕಾರುಗಳೂ ಒಂದೇ ಎಂಬುದು ಸರಿ, ಹತ್ತು ವರ್ಷ ಓಡಿದ ಮೇಲೆ ಎರಡು ಕಾರು ಎರಡು ಎತ್ತಿನಷ್ಟೇ ಬೇರೆ. ಆಯಿಲ್ ಬದಲಾಯಿಸಿದರೋ ಇಲ್ಲವೋ, ಓವರ್‌ಲೋಡ್ ಹಾಕಿದರೋ ಇಲ್ಲವೋ ಎಂಬುದರಲ್ಲಿ ಅವುಗಳ ಬೇರೆತನ ಹುಟ್ಟುತ್ತದೆ, ಅದು ಇರುವುದು ಓಡಿಸಿದವರ ಮನೆಯಲ್ಲಿ. ಹಾಗಾಗಿ ಯಂತ್ರ ಸೂಕ್ಷ್ಮವಾದಷ್ಟೂ ಮಾರುವವನ ವಿಳಾಸಕ್ಕೆ ಬೆಲೆ ಏರುತ್ತದೆ ಎನ್ನುವುದೇ ಸರಿಯಾದ ಲೆಕ್ಕ. ಸರ್ವಿಸ್ ಮಾಡಿಸಿದ ಬಿಲ್ಲುಗಳಿರುವ, ಒಂದೇ ಮನೆಯಲ್ಲಿದ್ದ, ಹತ್ತು ಮೈಲಿಯೊಳಗಿನ ಹನ್ನೆರಡು ವರ್ಷದ ಕಾರನ್ನು ಪೂರ್ವಾಪರವಿಲ್ಲದ ಆರು ವರ್ಷದ ಹೊಳೆಯುವ ಕಾರಿಗಿಂತ ಮುಂದಿಡಲು ನಾನು ಹಿಂಜರಿಯುವುದಿಲ್ಲ.

ಹಳೆಯದನ್ನು ಬಿಡುವ ಲೆಕ್ಕವೂ ಇದರೊಂದಿಗೇ ಇದೆ, ಏಕೆಂದರೆ ಬಡವನಿಗೆ ಹೊಸ ಜೋಡಿಯ ಮೊದಲ ಕಂತು ಹಳೆಯ ಜೋಡಿಯ ಬೆಲೆ. ಕರ್ನಾಟಕದ 1964ರ ಕಾನೂನು 12 ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರದೊಂದಿಗೆ ವಧೆಗೆ ಬಿಡಲು ಅವಕಾಶ ಕೊಟ್ಟಿತ್ತು, 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಅದನ್ನು ಮುಚ್ಚಿತು. ಅದೇ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳ ಗುಜರಿ ನೀತಿಯನ್ನು ಆರಂಭಿಸಿತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಒಂದೇ ವರ್ಷದಲ್ಲಿ ಎತ್ತಿಗೂ ಕಾರಿಗೂ ಕೊನೆಗಾಲದ ಬೆಲೆಯನ್ನು ಸರ್ಕಾರದ ನಿಯಮ ತಿದ್ದಿತು. ಹದಿನಾಲ್ಕನೇ ವರ್ಷದ ಕಾರು ಅಗ್ಗವಾಗಿ ಕಾಣುವುದು ಅದಕ್ಕೇ, ಅದರ ನವೀಕರಣದ ಖರ್ಚು ಬೆಲೆಯೊಳಗೇ ಅಡಗಿದೆ.

ಎರಡನೇ ಆಕ್ಷೇಪ ನನ್ನ ಮಟ್ಟಿಗೆ ಹೆಚ್ಚು ತೂಕದ್ದು. ಹಳೆಯ ಸಂತೆಯ ನಂಬಿಕೆ ಎಲ್ಲರದಾಗಿತ್ತೆ? ನಾಲ್ಕು ಜನರ ಎದುರು ಮುಖಭಂಗ ಎನ್ನುವಾಗ ಆ ನಾಲ್ಕು ಜನ ಯಾರು? ಮೇಲುಜಾತಿಯ ಮಾರಾಟಗಾರನನ್ನು ದಲಿತ ರೈತನೊಬ್ಬ ಸಂತೆಯ ನಡುವೆ ಕೈಹಿಡಿದು ನಿಲ್ಲಿಸಿ, ನಿನ್ನ ಎತ್ತು ಕುಂಟು ಎನ್ನಲು ಸಾಧ್ಯವಿತ್ತೆ? ಬೆಟ್ಟದ ಸೋಲಿಗರು ಬಯಲಿನ ವ್ಯಾಪಾರಿಗಳ ತಕ್ಕಡಿಯೆದುರು ಎಷ್ಟು ದುರ್ಬಲರಾಗಿದ್ದರು ಎಂಬುದು ತಿಳಿದ ವಿಚಾರ. ಕಾಡಿನ ಮೇಲಿನ ಸಮುದಾಯ ಹಕ್ಕು ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಗದದ ಮೇಲೆ ಸಿಕ್ಕಿದ್ದೇ 2011ರಲ್ಲಿ. ಪರಿಚಯದ ನಂಬಿಕೆ ಪರಿಚಯವಿದ್ದವರಿಗೆ ಮಾತ್ರ ನೆರಳು ಎಂಬುದನ್ನು ಒಪ್ಪಲೇಬೇಕು, ಹಳೆಯ ಸಂತೆಯನ್ನು ಹೊಗಳಿ ಈ ಪ್ರಶ್ನೆಯನ್ನು ಮರೆತರೆ ಚರಿತ್ರೆಗೆ ಅನ್ಯಾಯ. ಕಾಗದ ಎಲ್ಲರನ್ನೂ ಸಮವಾಗಿ ಕಾಣುವ ಮಾತು ಕೊಟ್ಟಿತು, ಅದು ಅದರ ದೊಡ್ಡತನ. ಆದ್ದರಿಂದ ಕಾಗದವನ್ನು ಬಿಟ್ಟು ಬಾಯಿಮಾತಿಗೆ ಮರಳಬೇಕೆಂಬುದು ನನ್ನ ವಾದವಲ್ಲ. ಸಂತೆ ಮಾಡುತ್ತಿದ್ದ ಕೆಲಸವನ್ನು, ಎಂದರೆ ಮಾರಿದವನನ್ನು ಮತ್ತೆ ಎದುರಿಗೆ ತಂದು ನಿಲ್ಲಿಸುವ ಕೆಲಸವನ್ನು, ಕಾಗದ ನಿಜವಾಗಿ ಮಾಡುತ್ತಿದೆಯೇ ಎಂದು ಕೇಳಬೇಕಾಗಿದೆ.

ಕಾನೂನಿನಲ್ಲಿ ಅದಕ್ಕೆ ಏರ್ಪಾಡಿದೆ. 1988ರ ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನ್ ಪ್ರಕಾರ ಗಾಡಿ ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ, ಕೊಂಡವನು 30 ದಿನದಲ್ಲಿ ನೋಂದಣಿ ಕಚೇರಿಗೆ ತಿಳಿಸಬೇಕು. ಬೀದಿಯಲ್ಲಿ ನಡೆಯುವುದೇ ಬೇರೆ. ಮಾರಿದವನು ಹೆಸರು ಬದಲಾವಣೆಯ ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗಿಡುತ್ತಾನೆ, ಗಾಡಿ ಎರಡು ಮೂರು ಕೈ ದಾಟಿದರೂ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಮೊದಲಿನವನ ಹೆಸರೇ ಉಳಿಯುತ್ತದೆ. ಹಾಗೆ ಹಲವರ ಕೈ ದಾಟಿದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಹೇಳಿತು. ಮಾರಿದವನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ. ಕೊಳ್ಳುವವನಿಗೂ ಇದರಲ್ಲಿ ಪಾಠವಿದೆ. ಆರ್‌ಸಿಯ ಹೆಸರಿನವನೇ ಖುದ್ದಾಗಿ ಎದುರಿಗೆ ಬಂದು ಸಹಿ ಹಾಕದ ಕಾರು ಊರಿಲ್ಲದವನ ಎತ್ತು. ಸಾಲವಿದ್ದ ಕಾರಾದರೆ ಫೈನಾನ್ಸ್ ಕಂಪನಿಯ ತೀರುವಳಿ ಪತ್ರ ಬಂದು ಆರ್‌ಸಿಯಿಂದ ಅದರ ಹೆಸರು ಇಳಿಯುವವರೆಗೆ ಪೂರ್ತಿ ಹಣ ಕೊಡಬಾರದು.

ಇನ್ನು ಕಂಪನಿಗಳೇ ನಡೆಸುವ ಹಳೇ ಕಾರಿನ ಮಳಿಗೆಗಳು. ಮಾರುತಿ 2001ರಲ್ಲಿ ಶುರುಮಾಡಿದ ಮೇಲೆ ಇತರರೂ ಬಂದರು. ಪರೀಕ್ಷೆಯ ಪಟ್ಟಿ, ಕೆಲವು ತಿಂಗಳ ವಾರಂಟಿ, ಹೆಸರು ಬದಲಾವಣೆಯ ಜವಾಬ್ದಾರಿ ಎಲ್ಲ ಕೊಡುವಾಗ ನನ್ನ ಹಳೆಯ ಪ್ರಶ್ನೆಗೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಈ ಮಳಿಗೆಗಳು ನನ್ನ ಮಾತಿಗೆ ಸಾಕ್ಷಿ. ಅವು ಅಲ್ಲಿಯೇ ನಿಂತಿರುತ್ತವೆ, ಮುಂದಿನ ತಿಂಗಳೂ ಬಾಗಿಲು ತೆರೆಯುತ್ತವೆ ಎಂಬುದಕ್ಕಾಗಿಯೇ ಜನ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಡಲು ಸಿದ್ಧರಿರುತ್ತಾರೆ. ವಾರಂಟಿಯ ಅವಧಿ ಕೌಟಿಲ್ಯನ ಮೂರು ಪಕ್ಷವೇ, ಬೇರೆ ಹೆಸರಿನಲ್ಲಿ. ತೊಡಕು ದೂರದ್ದು. ಮೈಸೂರಿನ ಮಳಿಗೆಯ ವಾರಂಟಿ ಹನೂರು ಕಡೆಯ ಮಾರ್ಟಳ್ಳಿಯ ಜೋಳ ಬೆಳೆಯುವವನಿಗೆ ಒಂದು ದಿನದ ಕೂಲಿ ಮತ್ತು ಟೋಯಿಂಗ್ ಬಾಡಿಗೆ. ಹಳೇ ವಾಹನದ ಡೀಲರುಗಳು ನೋಂದಣಿ ಕಚೇರಿಯಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ತಮ್ಮ ವಶದಲ್ಲಿರುವಷ್ಟು ಕಾಲ ಅದರ ಹೊಣೆ ಹೊರಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಂತೆಯ ದಲ್ಲಾಳಿಗೆ ಬಹುಕಾಲದ ನಂತರ ಸರ್ಕಾರ ವಿಳಾಸ ಕೊಡಲು ಹೊರಟಿದೆ. ಬ್ರೋಕರ್ ಬಳಿ ಆ ಅಧಿಕಾರಪತ್ರ ಕೇಳುವುದು ಕೊಳ್ಳುವವನ ಹಕ್ಕು, ಕೇಳಿದರೆ ಮುನಿಸಿಕೊಳ್ಳುವ ಬ್ರೋಕರನ್ನು ಬಿಟ್ಟು ಬರಬಹುದು.

ತಾಳವಾಡಿಯಲ್ಲಿ ಕಂಡ ಕಾರನ್ನು ಚಾಮರಾಜನಗರದವರು ಕೊಳ್ಳುವಾಗ, ಹನೂರಿನವರು ಅಂತಿಯೂರಿನ ಕಾರಿಗೆ ಮನಸೋತಾಗ ಈ ಎಲ್ಲ ಎಳೆಗಳೂ ಒಂದೇ ವ್ಯವಹಾರದಲ್ಲಿ ಸೇರುತ್ತವೆ. ಭಾಷೆ ಒಂದೇ ಇರಬಹುದು, ನಂಟಸ್ತಿಕೆಯೂ ಇರಬಹುದು, ಆದರೆ ನಿರಾಕ್ಷೇಪಣಾ ಪತ್ರ ತರುವವನು ಮಾರಿದವನೇ ಆಗಬೇಕು, ಅವನು ಕೈಚೆಲ್ಲಿದರೆ ಗಾಡಿ ಎರಡು ರಾಜ್ಯದ ನಡುವೆ ನಿಲ್ಲುತ್ತದೆ. ಅಂಥಲ್ಲಿ ಮುಂಗಡ ಕೊಡುವ ಮೊದಲೇ ಆ ಪತ್ರ ಕೇಳುವುದು, ಬೆಲೆಯ ಒಂದು ಪಾಲನ್ನು ಹೆಸರು ಬದಲಾಗುವವರೆಗೆ ಹಿಡಿದಿಡುವುದು, 1872ರ ಕಾಯಿದೆಯ ಕುದುರೆಯ ಪ್ರಶ್ನೆಯನ್ನು ನೇರವಾಗಿ ಕೇಳುವುದು ಒಳ್ಳೆಯದು. ಈ ಗಾಡಿ ನೆರೆಯಲ್ಲಿ ಮುಳುಗಿಲ್ಲ, ಚಾಸಿ ಬಾಗುವಂತೆ ಗುದ್ದಿಲ್ಲ, ಮೀಟರ್ ತಿರುಗಿಸಿಲ್ಲ, ಇದರ ಮೇಲೆ ಸಾಲವಿಲ್ಲ, ಹೀಗೆಂದು ನಂಬಿಯೇ ಕೊಳ್ಳುತ್ತಿದ್ದೇನೆ ಎಂದು ಮೊಬೈಲಿನಲ್ಲಿ ಬರೆದು ಮಾರುವವನಿಗೆ ಕಳಿಸಿ, ಅವನ ಉತ್ತರ ಬಂದ ಮೇಲೆ ಹಣ ಎಣಿಸಿದರೆ, ಮುಂದೆ ನ್ಯಾಯಾಲಯದ ಮುಂದೆ ಇಡಲು ಕೊಂಡವನ ಕೈಯಲ್ಲಿ ಮಾರಿದವನ ಮಾತೇ ಇರುತ್ತದೆ.